ಉಸಿರಿನ ಯಂತ್ರ ಹೊತ್ತು ಶಿಕಾಗೊಗೆ

ಮಗಳ ಬಾಣಂತನಕ್ಕೆ ಶಿಕಾಗೊಗೆ ಹೋಗ್ತೀನಿ ಅಂತ ಗೊತ್ತಾದಾಗಿನಿಂದ ಮನೆಗೆ ಬಂದವರೆಲ್ಲ, ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಮಾಸ್ಕಿನ ಮೂಲಕ ಗಾಳಿ ಊದುವ ನನ್ನ ಸಿಪ್ಯಾಪ್ ಮೆಷಿನ್ ಬಗ್ಗೆ ಒಂದೊಂದು ಸಲಹೆ ಕೊಟ್ಟರು. ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಸುತ್ತಿಟ್ಟುಬಿಡಿ ಎಂದರು ಕೆಲವರು. ಒಂದು ರಾತ್ರಿ ತಾನೇ, ನಿದ್ದೆ ಮಾಡದೆ ಕೂತರಾಯ್ತು ಎಂದರು ಇನ್ನು ಕೆಲವರು. ಪಕ್ಕದ ಮನೆಯವರು ಒಂದು ನಿದ್ದೆ ಮಾತ್ರೆಯ ಹೆಸರನ್ನೂ ಬರೆದುಕೊಟ್ಟರು. ನನ್ನ ಓರಗಿತ್ತಿ ಮಾತ್ರ ನೇರವಾಗಿ ಕೇಳಿದಳು: "ಅಷ್ಟು ಜನರ ನಡುವೆ ಮುಖಕ್ಕೆ ಅದನ್ನ ಕಟ್ಕೊಂಡು ಕೂರ್ತೀರಾ ಅಕ್ಕ?"

ಕೂತೆ. ಹೋಗುವಾಗಲೂ ಬರುವಾಗಲೂ ಕಟ್ಟಿಕೊಂಡೇ ಕೂತೆ, ಚೆನ್ನಾಗಿ ನಿದ್ದೆಯನ್ನೂ ಮಾಡಿದೆ. ಅದಕ್ಕೆ ಏನೇನು ತಯಾರಿ ಬೇಕಾಯಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ನನ್ನ ವಯಸ್ಸಿನ ಎಷ್ಟೋ ಹೆಂಗಸರು ತಮಗೆ ಈ ತೊಂದರೆ ಇದೆ ಅಂತ ಹೇಳಿಕೊಳ್ಳುವುದಕ್ಕೇ ಹಿಂಜರಿಯುತ್ತಾರೆ. ಮಗನನ್ನೋ ಮಗಳನ್ನೋ ನೋಡಲು ಹೊರಟಾಗ ಮೆಷಿನ್ನನ್ನು ಬೀರುವಿನಲ್ಲಿಟ್ಟು ಹೋಗಿಬಿಡುತ್ತಾರೆ.

ಗೊರಕೆ ಅಂದರೆ ಗಂಡಸರದ್ದು ಅನ್ನುವ ನಂಬಿಕೆ ನಮ್ಮಲ್ಲಿದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ಕಾಯಿಲೆ, ಹೆಚ್ಚಾಗುತ್ತದೆ ಎಂದು ನನಗೆ ಹೇಳಿದ್ದು ಮೈಸೂರಿನ ಶ್ವಾಸಕೋಶ ತಜ್ಞರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಬೆಳಗಿನ ತಲೆನೋವಿಗೆ, ಮಾತ್ರೆಗೆ ಬಗ್ಗದ ಬಿ.ಪಿ.ಗೆ, ರಾತ್ರಿ ಪದೇ ಪದೇ ಎದ್ದು ಬಚ್ಚಲಿಗೆ ಹೋಗುವುದಕ್ಕೆ ಬೇರೆ ಬೇರೆ ಔಷಧ ನುಂಗಿದ್ದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ, ಒದ್ದೆ ಬಟ್ಟೆಯ ಮಡಿಕೆಗಳು ಅಂಟಿಕೊಂಡ ಹಾಗೆ ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ, ಇಲ್ಲವೇ ತೀರಾ ಕಡಿಮೆಯಾದರೆ ಅದನ್ನು ಒಂದು ಸಲ ಎಂದು ಲೆಕ್ಕ ಹಾಕುತ್ತಾರೆ. ಗಂಟೆಗೆ 5ರೊಳಗಿದ್ದರೆ ಸಹಜ, 30 ದಾಟಿದರೆ ತೀವ್ರ. ಸ್ಲೀಪ್ ಸ್ಟಡಿಯಲ್ಲಿ ನನ್ನದು 34 ಬಂದಿತ್ತು. ಮೂಗಿನ ಮೂಲಕ ಸತತವಾಗಿ ಗಾಳಿಯ ಒತ್ತಡ ಕೊಟ್ಟು ಆ ದಾರಿ ಮುಚ್ಚದಂತೆ ತಡೆಯುವುದು ಸಿಪ್ಯಾಪ್‌ನ ಕೆಲಸ. ಸಿಡ್ನಿಯ ಡಾ. ಕಾಲಿನ್ ಸಲ್ಲಿವನ್ 1980ರಲ್ಲಿ ಇದನ್ನು ಮೊದಲು ರೋಗಿಯ ಮೇಲೆ ಪ್ರಯೋಗಿಸಿದರು, ಮರುವರ್ಷ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಆ ಕೆಲಸ ಮಾಡಿರದಿದ್ದರೆ ಈಗಲೂ ನಾನು ಬೆಳಿಗ್ಗೆ ತಲೆ ಹಿಡಿದುಕೊಂಡೇ ಏಳುತ್ತಿದ್ದೆ.

ವಿಮಾನದಲ್ಲಿ ಇದು ಬೇಕೇಬೇಕಾ ಎಂದು ಡಾಕ್ಟರನ್ನೇ ಕೇಳಿದೆ. "ನೋಡಿ ಅಮ್ಮ, ಮನೇಲಿ ಮಧ್ಯಾಹ್ನ ಮಲಗಿದ್ರೂ ಹಾಕ್ಕೊಳ್ಳಿ ಅಂತ ಹೇಳಿದೀನಿ. ವಿಮಾನದಲ್ಲಿ ಇನ್ನೂ ಮುಖ್ಯ" ಎಂದರು. ಕಾರಣವನ್ನು ಅವರು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ವಿಮಾನ ಎಷ್ಟೇ ಎತ್ತರಕ್ಕೆ ಹೋದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಮಟ್ಟದಲ್ಲಿ ಇಟ್ಟಿರುತ್ತಾರೆ. ಅಂದರೆ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಿಂದ ಹಿಡಿದು ಊಟಿಗಿಂತ ತುಸು ಮೇಲಿನವರೆಗೆ. ಅಲ್ಲಿ ಎಚ್ಚರವಿದ್ದಾಗಲೇ ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಇಳಿದಿರುತ್ತದೆ. ಅದರ ಮೇಲೆ ನಿದ್ದೆಯಲ್ಲಿ ಉಸಿರೂ ನಿಲ್ಲುತ್ತಾ ಹೋದರೆ ಇನ್ನಷ್ಟು ಇಳಿಯುತ್ತದೆ. ನಿದ್ದೆ ಮಾತ್ರೆಯ ಚೀಟಿ ತೋರಿಸಿದ್ದಕ್ಕೆ ಅದನ್ನು ಹರಿದು ಕಸದ ಬುಟ್ಟಿಗೆ ಹಾಕಿದರು. ಗಂಟಲನ್ನು ಇನ್ನೂ ಸಡಿಲ ಮಾಡುವ ಮಾತ್ರೆಯನ್ನೋ ಮದ್ಯವನ್ನೋ ತೆಗೆದುಕೊಂಡು, ಮೆಷಿನ್ನೂ ಇಲ್ಲದೆ ಮಲಗುವುದು ಎಲ್ಲಕ್ಕಿಂತ ಅಪಾಯ ಎಂದರು. ವಯಸ್ಸಾದ ಅಪ್ಪ ಅಮ್ಮಂದಿರಿಗೆ "ಒಂದು ಮಾತ್ರೆ ನುಂಗಿ ಮಲಗಿಬಿಡಿ" ಎಂದು ಹೇಳಿ ವಿಮಾನ ಹತ್ತಿಸುವ ಮಕ್ಕಳು ಇದನ್ನು ಓದಲಿ.

ತಯಾರಿಯಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಕಾಗದಪತ್ರ. ಡಾಕ್ಟರ ಪತ್ರ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ ಬೇಕು. ಕಾಯಿಲೆಯ ಹೆಸರು, ಮೆಷಿನ್ನಿನ ಮಾಡೆಲ್ ಮತ್ತು ಸೀರಿಯಲ್ ನಂಬರು, ಒತ್ತಡದ ಸೆಟ್ಟಿಂಗು (ನನ್ನದು 8ರಿಂದ 13) ಇದ್ದರೆ ಸಾಲದು. "ನಿದ್ರಿಸುವಾಗಲೆಲ್ಲ, ವಿಮಾನದಲ್ಲಿಯೂ, ಬಳಸತಕ್ಕದ್ದು" ಅನ್ನುವ ಸಾಲು ಅದರಲ್ಲಿ ಇರಲೇಬೇಕು. ಆ ಒಂದು ಸಾಲು ನನಗೆ ಮುಂದೆ ಬಹಳ ಉಪಕಾರ ಮಾಡಿತು. ಮೆಷಿನ್ ವಿಮಾನದ ಉಪಕರಣಗಳಿಗೆ ಅಡ್ಡಿ ಮಾಡುವುದಿಲ್ಲ, ಡಿಒ-160 ಎಂಬ ಮಾನದಂಡಕ್ಕೆ ಒಪ್ಪುತ್ತದೆ ಎಂದು ತಯಾರಕರು ಕೊಡುವ ಪತ್ರ ಅವರ ವೆಬ್‌ಸೈಟಿನಲ್ಲೇ ಇತ್ತು. ಮಗಳು ಅದನ್ನು ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದಳು, ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ.

ಇವೆಲ್ಲವನ್ನೂ ಸೇರಿಸಿ ವಿಮಾನ ಕಂಪನಿಗೆ ಮೇಲ್ ಮಾಡಿದೆ. ಬಂದ ಮೊದಲ ಉತ್ತರ ಆಮ್ಲಜನಕದ ಸಿಲಿಂಡರ್ ಬಗ್ಗೆ. ಅದನ್ನು ತರುವಂತಿಲ್ಲ ಎಂದು ಬರೆದಿದ್ದರು. ಸಿಪ್ಯಾಪ್‌ನಲ್ಲಿ ಆಮ್ಲಜನಕ ಇರುವುದಿಲ್ಲ, ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು ಒತ್ತಡ ಕೊಟ್ಟು ಒಳಗೆ ಕಳಿಸುತ್ತದೆ ಎಂದು ವಿವರಿಸಿ ಮತ್ತೆ ಬರೆದೆ. ಫೋನ್ ಮಾಡಿದೆ, ಮತ್ತೆ ಮಾಡಿದೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬಾಯಿಮಾತಿನಲ್ಲಿ "ಆಯ್ತು ಮೇಡಂ" ಅಂದದ್ದು ಕೌಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎನ್ನುವುದು ಗೊತ್ತಿತ್ತು. ಬರಹದಲ್ಲಿ ಒಪ್ಪಿಗೆ ಬರುವವರೆಗೂ ಬಿಡಲಿಲ್ಲ.

ಈ ವಿಷಯದಲ್ಲಿ ಅಮೆರಿಕದ ಕಾನೂನು ಪ್ರಯಾಣಿಕರ ಪರವಾಗಿದೆ. ಅಲ್ಲಿನ ಸಾರಿಗೆ ಇಲಾಖೆ 2009ರ ಮೇ 13ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಅಮೆರಿಕದಿಂದ ಹೊರಡುವ ಅಥವಾ ಅಲ್ಲಿಗೆ ತಲುಪುವ ವಿದೇಶಿ ವಿಮಾನಗಳು ಕೂಡ ಸಿಪ್ಯಾಪ್‌ನಂಥ ಸಾಧನವನ್ನು ಕೈಚೀಲದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಮಾನದಂಡಕ್ಕೆ ಒಪ್ಪುವ ಮೆಷಿನ್ನನ್ನು ವಿಮಾನದೊಳಗೆ ಬಳಸಲು ಬಿಡಬೇಕು. ಅದಕ್ಕೆ ಪ್ರತಿಯಾಗಿ ಕಂಪನಿ 48 ಗಂಟೆ ಮುಂಚೆ ತಿಳಿಸಿ ಎಂದು ಕೇಳಬಹುದು, ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಹೊತ್ತು ಸಾಲುವಷ್ಟು ಬ್ಯಾಟರಿ ತನ್ನಿ ಎಂದೂ ಕೇಳಬಹುದು. ನನ್ನದು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಶಿಕಾಗೊ. ಆ ನಿಯಮವನ್ನು ಎರಡನೆಯ ವಿಮಾನಕ್ಕೆ ಧೈರ್ಯವಾಗಿ ತೋರಿಸಬಹುದಿತ್ತು. ಮೊದಲನೆಯದಕ್ಕೆ ಕಂಪನಿಯ ಒಪ್ಪಿಗೆಯೇ ಆಧಾರ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಒಪ್ಪಿಗೆ ಬರೆಸಿಕೊಂಡೆ. ಕೊನೆಗೆ ಬಂದ ಮೇಲ್‌ನಲ್ಲಿ ಮೂರು ಷರತ್ತು ಇದ್ದವು: ವಿಮಾನ ಮೇಲೇರುವಾಗ ಮತ್ತು ಇಳಿಯುವಾಗ ಮೆಷಿನ್ ಆಫ್ ಇರಬೇಕು, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರಿಗೆ ನೀರು ಹಾಕುವಂತಿಲ್ಲ, ಸೀಟಿನ ಸಾಕೆಟ್ಟಿನಲ್ಲಿ ಕರೆಂಟು ಇರುತ್ತದೆ ಎಂಬ ಭರವಸೆ ಇಲ್ಲ.

ಮೂರನೆಯದರಿಂದಾಗಿ ಬ್ಯಾಟರಿ ಕೊಳ್ಳಬೇಕಾಯಿತು. ಲಿಥಿಯಂ ಬ್ಯಾಟರಿಯನ್ನು ಬಿಡಿಯಾಗಿ ಒಯ್ಯುವುದಾದರೆ ಚೆಕ್-ಇನ್ ಲಗೇಜಿನಲ್ಲಿ ಹಾಕುವ ಹಾಗೇ ಇಲ್ಲ, ಕೈಚೀಲದಲ್ಲೇ ಇರಬೇಕು. ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವುದರ ಅಳತೆ ವ್ಯಾಟ್-ಅವರ್. ಅದು 100ರ ಒಳಗಿದ್ದರೆ ಸಲೀಸು. 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದನ್ನು ಒಯ್ಯುವಂತಿಲ್ಲ. ಬ್ಯಾಟರಿ ಮೇಲೆ ವ್ಯಾಟ್-ಅವರ್ ಅಚ್ಚಾಗಿಲ್ಲದಿದ್ದರೆ ಎಂಎಎಚ್ (mAh) ಎಂದು ಬರೆದಿರುವ ಸಂಖ್ಯೆಯನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಿಗುತ್ತದೆ. 20,000 ಎಂಎಎಚ್, 3.7 ವೋಲ್ಟಿನದು 74 ವ್ಯಾಟ್-ಅವರ್. ನಾನು ಸಿಪ್ಯಾಪಿಗೆಂದೇ ಬರುವ 24 ವೋಲ್ಟಿನ, 97 ವ್ಯಾಟ್-ಅವರ್ ಬ್ಯಾಟರಿ ಎರಡು ತೆಗೆದುಕೊಂಡೆ. ಸಾಮಾನ್ಯ ಪವರ್ ಬ್ಯಾಂಕನ್ನು ನೆಚ್ಚಿಕೊಳ್ಳಬೇಡಿ. 2025ರಲ್ಲಿ ಸಿಂಗಪುರ್ ಏರ್‌ಲೈನ್ಸ್, ಎಮಿರೇಟ್ಸ್ ತರಹದ ಕಂಪನಿಗಳು ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿವೆ. ವೈದ್ಯಕೀಯ ಸಾಧನದ ಬ್ಯಾಟರಿ ಎಂದು ಮೇಲ್‌ನಲ್ಲೇ ತಿಳಿಸಿ, ಒಪ್ಪಿಗೆ ಪಡೆದು ಒಯ್ಯುವುದು ಒಳ್ಳೆಯದು.

ಈ ಮೆಷಿನ್ನಿನಲ್ಲಿ ಕರೆಂಟು ಕುಡಿಯುವುದು ಗಾಳಿ ಊದುವ ಮೋಟಾರಿಗಿಂತ ಹೆಚ್ಚಾಗಿ ನೀರು ಬಿಸಿ ಮಾಡುವ ತಟ್ಟೆ ಮತ್ತು ಬಿಸಿ ಟ್ಯೂಬು. ಅವೆರಡನ್ನೂ ಆಫ್ ಮಾಡಿದರೆ ಬ್ಯಾಟರಿ ಎಷ್ಟೋ ಹೊತ್ತು ಬರುತ್ತದೆ. ಹೊರಡುವ ಮುಂಚೆ ಮನೆಯಲ್ಲಿ ಗೋಡೆಯ ಪ್ಲಗ್ ತೆಗೆದು, ನೀರಿಲ್ಲದೆ, ಬರೀ ಬ್ಯಾಟರಿಯಲ್ಲಿ ಇಡೀ ರಾತ್ರಿ ಮಲಗಿ ನೋಡಿದೆ. ಬೆಳಿಗ್ಗೆ ಎದ್ದಾಗ ಬ್ಯಾಟರಿಯ ದೀಪಗಳಲ್ಲಿ ಇನ್ನೂ ಒಂದು ಉರಿಯುತ್ತಿತ್ತು. ಆ ಒಂದು ದೀಪ ನೋಡಿದ ಮೇಲೆ ಮನಸ್ಸು ನಿರಾಳವಾಯಿತು. ಮೂಗು ಮಾತ್ರ ಒಣಗಿತ್ತು, ಅದಕ್ಕೆ ಸಲೈನ್ ಸ್ಪ್ರೇ ತೆಗೆದುಕೊಂಡೆ. ಮುನ್ನೂರು ಗ್ರಾಮ್ ತೂಗುವ ಪ್ರಯಾಣದ ಮೆಷಿನ್ನೂ ಸಿಗುತ್ತದೆ, ಮಗಳು ಕೊಡಿಸುತ್ತೇನೆ ಅಂದಳು. ನನಗೆ ಒಗ್ಗಿರುವ ಮಾಸ್ಕು, ಒಗ್ಗಿರುವ ಒತ್ತಡ ಬಿಟ್ಟು ಹೊಸದಕ್ಕೆ ಹೋಗುವ ಮನಸ್ಸಾಗಲಿಲ್ಲ.

ಅಂಟಿನುಂಡೆ, ಸಾರಿನ ಪುಡಿ, ಮಗುವಿನ ಹತ್ತಿ ಬಟ್ಟೆ ಎಲ್ಲ ಸೂಟ್‌ಕೇಸಿಗೆ ಹೋದವು. ಮೆಷಿನ್ ಚೀಲ ಮಾತ್ರ ನನ್ನ ಹೆಗಲಿಗೆ. ಹಿಂದಿನ ದಿನವೇ ನೀರಿನ ಚೇಂಬರ್ ಖಾಲಿ ಮಾಡಿ, ಒರೆಸಿ, ಬಿಸಿಲಿಲ್ಲದ ಕಡೆ ಒಣಗಿಸಿದ್ದೆ. ಅದರಲ್ಲಿ ನೀರು ಉಳಿದು ಮೆಷಿನ್ ವಾಲಿದರೆ ಮೋಟಾರಿಗೆ ನುಗ್ಗುತ್ತದೆ, ಸೆಕ್ಯುರಿಟಿಯಲ್ಲೂ ತಕರಾರು ಬರುತ್ತದೆ. ಮೈಸೂರಿನಿಂದ ಫ್ಲೈ ಬಸ್ಸಿನಲ್ಲಿ ಹೊರಟು ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ ಇಳಿದಾಗ ರಾತ್ರಿ. ನಮ್ಮೆಜಮಾನ್ರು ಅತ್ತೆಯವರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದರು. ಒಬ್ಬಳೇ.

ಚೆಕ್-ಇನ್ ಕೌಂಟರಿನ ಹುಡುಗಿ ನನ್ನ ಹೆಗಲ ಮೇಲಿನ ಎರಡು ಚೀಲ ನೋಡಿದ ಕೂಡಲೇ ಹೇಳಿದಳು, "ಮೇಡಂ, ಹ್ಯಾಂಡ್ ಬ್ಯಾಗೇಜ್ ಒಂದೇ ಅಲೋ ಇರೋದು. ಇದನ್ನ ಕೊಡಿ, ಟ್ಯಾಗ್ ಹಾಕಿ ಕಳಿಸ್ತೀನಿ."

"ಇದು ಬ್ಯಾಗೇಜ್ ಅಲ್ಲಮ್ಮ, ಮೆಡಿಕಲ್ ಎಕ್ವಿಪ್‌ಮೆಂಟು."

"ಫ್ರಜೈಲ್ ಸ್ಟಿಕರ್ ಹಾಕ್ತೀವಿ ಮೇಡಂ, ಏನೂ ಆಗಲ್ಲ."

ದನಿ ಏರಿಸದೆ ಫೈಲ್ ತೆಗೆದು, ಅವರದೇ ಕಂಪನಿಯ ಮೇಲ್‌ನ ಪ್ರಿಂಟನ್ನು ಅವಳ ಮುಂದಿಟ್ಟೆ. ಡಾಕ್ಟರ ಪತ್ರದಲ್ಲಿ ಆ ಸಾಲಿಗೆ ಹಳದಿ ಹೈಲೈಟರಿನಲ್ಲಿ ಗೆರೆ ಎಳೆದಿದ್ದೆ. ಚೀಲದಲ್ಲಿ ಬ್ಯಾಟರಿ ಇದೆ, ಕೆಳಗೆ ಕಳಿಸುವಂತಿಲ್ಲ ಎಂದೂ ಹೇಳಿದೆ. ಅವಳು ಓದಿದಳು, ಸೂಪರ್‌ವೈಸರನ್ನು ಕರೆದಳು. ಆತ ಕಂಪ್ಯೂಟರಿನಲ್ಲಿ ಏನೋ ನೋಡಿ, "ರಿಮಾರ್ಕ್ಸ್‌ನಲ್ಲಿ ಇದೆ, ಬಿಡಿ" ಎಂದು ಚೀಲಕ್ಕೆ ‘ಮೆಡಿಕಲ್’ ಎಂದು ಬರೆದ ಒಂದು ಟ್ಯಾಗ್ ಕಟ್ಟಿಸಿದರು. ನನ್ನ ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದುದು ಕೇಳಿಸಿತು. ಚೀಲ ಕೊಟ್ಟು ಮುಗಿಸಿಬಿಡೋಣ ಅಂತ ಮನಸ್ಸು ಎಳೆಯುವುದು ಆಗಲೇ. ಕೊಡಬೇಡಿ. ಸೂಟ್‌ಕೇಸು ಒಂದು ದಿನ ತಡವಾಗಿ ಬಂದರೆ ಸೀರೆಗೆ ಪರದಾಡಬೇಕು ಅಷ್ಟೆ, ಮೆಷಿನ್ ತಡವಾದರೆ ಉಸಿರಿಗೇ ತೊಂದರೆ.

ಕಿಟಕಿ ಪಕ್ಕದ ಸೀಟನ್ನೇ ಕೇಳಿ ಪಡೆದಿದ್ದೆ. ಟ್ಯೂಬು, ವೈರು ಎಲ್ಲ ಗೋಡೆಯ ಕಡೆ ಇರುತ್ತದೆ, ಎದ್ದು ಓಡಾಡುವವರ ಕಾಲಿಗೆ ಸಿಗುವುದಿಲ್ಲ.

ಸೆಕ್ಯುರಿಟಿಯಲ್ಲಿ ನಾನು ಅಂದುಕೊಂಡಷ್ಟು ಹೊತ್ತೇನೂ ಹಿಡಿಯಲಿಲ್ಲ. ಮೆಷಿನ್ನನ್ನು ಚೀಲದಿಂದ ತೆಗೆದು ಬೇರೆ ಟ್ರೇಯಲ್ಲಿ, ಮನೆಯಿಂದ ತಂದ ಶುಭ್ರವಾದ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟೆ. ಎಲ್ಲರ ಚಪ್ಪಲಿ ಬೆಲ್ಟು ಹೋಗುವ ಟ್ರೇ ಅದು, ಅದರ ಮೇಲಿಟ್ಟದ್ದರ ಗಾಳಿಯನ್ನೇ ರಾತ್ರಿ ಎಳೆದುಕೊಳ್ಳಬೇಕಲ್ಲ. ಮಾಸ್ಕು ಜಿಪ್ ಇರುವ ಪೌಚಿನೊಳಗೇ ಉಳಿಯಿತು. ಸಿಐಎಸ್‌ಎಫ್ ಮಹಿಳಾ ಸಿಬ್ಬಂದಿ "ನೆಬ್ಯುಲೈಸರಾ ಅಮ್ಮ?" ಎಂದು ಕೇಳಿದರು. ಮಲಗುವಾಗ ಹಾಕಿಕೊಳ್ಳುವ ಉಸಿರಾಟದ ಮೆಷಿನ್ ಎಂದೆ, ಪತ್ರ ತೋರಿಸಿದೆ. ಬಟ್ಟೆಯ ತುಂಡಿನಲ್ಲಿ ಒರೆಸಿ ಪರೀಕ್ಷೆ ಮಾಡಿ ವಾಪಸ್ ಕೊಟ್ಟರು. ಫ್ರಾಂಕ್‌ಫರ್ಟಿನಲ್ಲಂತೂ ಅಧಿಕಾರಿ ನೋಡಿದ ಕೂಡಲೇ "ಸಿಪ್ಯಾಪ್" ಎಂದು ತಾನೇ ಹೇಳಿ ಮುಂದೆ ಕಳಿಸಿದ.

ವಿಮಾನ ಹೊರಟದ್ದು ನಡುರಾತ್ರಿ ಕಳೆದ ಮೇಲೆ. ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಹುಡುಗ, ಜರ್ಮನಿಗೆ ಓದಲು ಹೊರಟವನು. ಊಟದ ಟ್ರೇ ತೆಗೆದ ಮೇಲೆ ಗಗನಸಖಿಗೆ ತಿಳಿಸಿ ಚೀಲ ತೆರೆದೆ. ಮೆಷಿನ್ನನ್ನು ಮುಂದಿನ ಸೀಟಿನ ಕೆಳಗೆ ಸಪಾಟಾಗಿ ಕೂರಿಸಿ, ಗಾಳಿ ಎಳೆಯುವ ಕಡೆ ಕಂಬಳಿ ಮುಚ್ಚದ ಹಾಗೆ ನೋಡಿಕೊಂಡೆ. ಮೆನುವಿನಲ್ಲಿ ಏರ್‌ಪ್ಲೇನ್ ಮೋಡ್ ಹಾಕಿದೆ. ನನ್ನ ಮೆಷಿನ್ನಿನಲ್ಲಿ ಸಿಮ್ ಇರುತ್ತದೆ, ಪ್ರತಿದಿನದ ದಾಖಲೆಯನ್ನು ತಾನೇ ಕಳಿಸುತ್ತದೆ, ಅದನ್ನು ನಿಲ್ಲಿಸಬೇಕು. ಬ್ಯಾಟರಿ ಜೋಡಿಸಿದೆ.

"ಏನ್ರೀ ಆಂಟಿ ಅದು?" ಹುಡುಗ ಕೇಳಿದ.

"ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ನೋಡ್ಕೊಳ್ಳೋ ಮೆಷಿನಪ್ಪ. ಸ್ವಲ್ಪ ಗಾಳಿ ನಿನ್ನ ಕಡೆ ಬರಬಹುದು, ತೊಂದರೆ ಆದ್ರೆ ಹೇಳು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ನಮ್ಮಪ್ಪಗೂ ಡಾಕ್ಟರು ಇದನ್ನ ಹೇಳ್ಯಾರ್ರೀ. ಒಲ್ಲೆ ಅಂತ ಕುಂತಾರ. ಮಂದಿ ಏನಂತಾರ ಅಂತ." ಆಮೇಲೆ ಸಂಕೋಚದಿಂದ, "ನಿಮ್ದೊಂದು ಫೋಟೋ ತಗೀಲೇನ್ರೀ? ಅಪ್ಪಗ ತೋರಸ್ತೀನಿ" ಅಂದ. ಧಾರಾಳವಾಗಿ ತೆಗೆದುಕೋ ಎಂದೆ. ಮಾಸ್ಕ್ ಹಾಕಿಕೊಂಡು, ತಲೆಯ ಹಿಂದೆ ಪಟ್ಟಿ ಬಿಗಿ ಮಾಡಿಕೊಂಡು, ನೆಟ್ಟಗೆ ಕೂತು ಫೋಟೋ ತೆಗೆಸಿಕೊಂಡೆ. ಯಾವುದೋ ಊರಿನ ಒಬ್ಬರು ಆ ಫೋಟೋ ನೋಡಿ ಮಾಸ್ಕ್ ಹಾಕಿಕೊಂಡಿದ್ದರೆ ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಮೆಷಿನ್ನಿನ ಸದ್ದು ಎಂಜಿನ್ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಎತ್ತರಕ್ಕೆ ತಕ್ಕ ಹಾಗೆ ಒತ್ತಡವನ್ನು ಅದೇ ಸರಿಹೊಂದಿಸಿಕೊಳ್ಳುತ್ತದೆ, ನಾವು ಏನೂ ಮುಟ್ಟಬೇಕಿಲ್ಲ. ಒಣ ಗಾಳಿಗೆ ಗಂಟಲು ಕೆರೆಯುತ್ತಿತ್ತು, ಮಧ್ಯೆ ಎದ್ದು ನೀರು ಕುಡಿದು ಮೂಗಿಗೆ ಸ್ಪ್ರೇ ಹಾಕಿಕೊಂಡೆ. ಬೆಳಗಿನ ತಿಂಡಿ ತಂದ ಗಗನಸಖಿ ಎಬ್ಬಿಸುವವರೆಗೂ ನಿದ್ದೆ.

ಎರಡನೆಯ ವಿಮಾನದಲ್ಲಿ ಬ್ಯಾಟರಿ ಉಳಿಸೋಣ ಎಂದು ಸೀಟಿನ ಸಾಕೆಟ್ಟಿಗೆ ಹಾಕಿದೆ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಅಲ್ಲಾಡುತ್ತದೆ, ಚಪ್ಪಟೆ ಪಿನ್ನಿನ ಅಮೆರಿಕದ ವೈರು ಗಟ್ಟಿಯಾಗಿ ಕೂತಿತು. ನಿದ್ದೆ ಹತ್ತಿದ ಮೇಲೆ ಯಾವಾಗಲೋ ಗಾಳಿ ನಿಂತುಹೋಗಿ ಮೂಗು ಕಟ್ಟಿದಂತಾಗಿ ಎಚ್ಚರವಾಯಿತು. ಸಾಕೆಟ್ಟಿನ ಹಸಿರು ದೀಪ ಆರಿತ್ತು. ಮಾಸ್ಕ್ ಸರಿಸಿ ಉಸಿರೆಳೆದುಕೊಂಡು, ಕತ್ತಲಲ್ಲೇ ತಡಕಿ ಎರಡನೆಯ ಬ್ಯಾಟರಿ ಜೋಡಿಸಿದೆ. ಅದಕ್ಕೇ ಬ್ಯಾಟರಿ ಮೇಲಿನ ಬಾಕ್ಸಿನಲ್ಲಿರಬಾರದು, ಕೈಗೆ ಸಿಗುವ ಜಾಗದಲ್ಲಿರಬೇಕು.

ಶಿಕಾಗೊದಲ್ಲಿ ತೊಂದರೆಯೇ ಆಗಲಿಲ್ಲ. ಅಲ್ಲಿ 120 ವೋಲ್ಟು, ನಮ್ಮಲ್ಲಿ 230. ಅಡಾಪ್ಟರಿನ ಮೇಲೆ 100ರಿಂದ 240 ಎಂದು ಅಚ್ಚಾಗಿದ್ದರೆ ಟ್ರಾನ್ಸ್‌ಫಾರ್ಮರ್ ಬೇಡ, ವೈರು ಬದಲಿಸಿದರೆ ಸಾಕು. ಮೆಷಿನ್ನಿನ ಚೇಂಬರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಲ್ಲಿ ದಿನಸಿ ಅಂಗಡಿಯಲ್ಲೇ ಗ್ಯಾಲನ್ ಕ್ಯಾನಿನಲ್ಲಿ ಸಿಗುತ್ತದೆ. ಬಾಣಂತಿ ಮನೆಯಲ್ಲಿ ರಾತ್ರಿ ಮಗು ಅತ್ತಾಗಲೆಲ್ಲ ಏಳಬೇಕು. ಎದ್ದು, ಮಗುವನ್ನು ಸಮಾಧಾನ ಮಾಡಿ, ಬಂದು ಮತ್ತೆ ಮಾಸ್ಕ್ ಹಾಕಿಕೊಳ್ಳುವುದು ರೂಢಿಯಾಯಿತು. ಹಗಲು ತೂಕಡಿಸದೆ ಮೊಮ್ಮಗಳಿಗೆ ಎಣ್ಣೆ ನೀರು ಹಾಕಲು, ಮಗಳಿಗೆ ಹೊತ್ತು ಹೊತ್ತಿಗೆ ಬಡಿಸಲು ಶಕ್ತಿ ಉಳಿದದ್ದು ಆ ನಿದ್ದೆಯಿಂದ.

ಬರುವಾಗ ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಟಿಎಸ್‌ಎಯವರ ತಪಾಸಣೆ. ಅವರ ನಿಯಮವೂ ಅದೇ: ಮೆಷಿನ್ ಚೀಲದಿಂದ ಹೊರಗೆ, ಮಾಸ್ಕು ಟ್ಯೂಬು ಒಳಗೇ ಇರಬಹುದು. ಇಂಗ್ಲಿಷಿನಲ್ಲಿ ಉತ್ತರಿಸಲು ಭಯ ಪಡುವವರಿಗೆ ಟಿಎಸ್‌ಎ ಕೇರ್ಸ್ ಎಂಬ ಸಹಾಯವಾಣಿ ಇದೆ, 72 ಗಂಟೆ ಮುಂಚೆ ಮಕ್ಕಳಿಂದ ಫೋನ್ ಮಾಡಿಸಿದರೆ ನೆರವು ಸಿಗುತ್ತದೆ. ಮೆಷಿನ್ ಮುಟ್ಟುವ ಮುನ್ನ ಹೊಸ ಕೈಗವಸು ಹಾಕಿಕೊಳ್ಳಿ ಎಂದು ಕೇಳಿದೆ. ಅಲ್ಲಿನ ಮಹಿಳಾ ಸಿಬ್ಬಂದಿ ಒಂದು ಮಾತೂ ಆಡದೆ ಬದಲಿಸಿದರು.

ಮೈಸೂರಿಗೆ ಬಂದು ಫಿಲ್ಟರ್ ಬದಲಿಸಿ, ಮೆಮೊರಿ ಕಾರ್ಡ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ. ಏರ್‌ಪ್ಲೇನ್ ಮೋಡ್‌ನಲ್ಲಿದ್ದಾಗಲೂ ದಾಖಲೆ ಅದರಲ್ಲಿ ಉಳಿದಿರುತ್ತದೆ. ವಿಮಾನದಲ್ಲಿ ಮಲಗಿದ ಹೊತ್ತಿನದನ್ನು ಬೇರೆಯಾಗಿ ತೆರೆದು ನೋಡಿದರು. ಉಸಿರು ನಿಂತ ಲೆಕ್ಕ ಗಂಟೆಗೆ 5ರ ಒಳಗೇ ಇತ್ತು. ಗಾಳಿ ಸೋರಿಕೆಯ ಗೆರೆ ಮಾತ್ರ ಮನೆಯದಕ್ಕಿಂತ ಮೇಲಿತ್ತು. ಕುತ್ತಿಗೆಗೆ ದಿಂಬು ಹಾಕಿಕೊಂಡಿದ್ದಿರಾ ಎಂದು ಕೇಳಿದರು. ಹೌದು ಎಂದೆ. ಅದು ಕೆನ್ನೆಯ ಪಟ್ಟಿಯನ್ನು ಮೇಲಕ್ಕೆ ತಳ್ಳಿ ಮಾಸ್ಕನ್ನು ಸರಿಸುತ್ತದೆ, ಮುಂದಿನ ಸಲ ತೆಳ್ಳಗಿನದ್ದು ತಗೊಳ್ಳಿ, ಮಾಸ್ಕಿನ ಪಟ್ಟಿಯನ್ನು ಕೂತ ಭಂಗಿಯಲ್ಲೇ ಬಿಗಿ ಮಾಡ್ಕೊಳ್ಳಿ ಎಂದರು. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ಹೋಗುವುದಿದೆ, ಡಾಕ್ಟರ ಪತ್ರಕ್ಕೆ ಹೊಸ ತಾರೀಕು ಹಾಕಿಸಿಕೊಂಡು ಬಂದೆ.